ಗೈಡ್ ಡಾಗ್ ಶಾಲೆಗೆ ದೇಣಿಗೆ: 'ಮರಿಯೊಂದಕ್ಕೆ ಪ್ರಾಯೋಜಕರಾಗಿ' ಅಂದರೆ ದುಡ್ಡು ಹೋಗುವುದು ಎಲ್ಲಿಗೆ?

ಎಡಿಸನ್_ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯ ಕೆಲವು ಕನ್ನಡ ಮನೆಗಳವರು ದುಡ್ಡು ಒಟ್ಟುಮಾಡಿ ಮಾರಿಸ್‌ಟೌನ್‌ನ ದಿ ಸೀಯಿಂಗ್ ಐ ಶಾಲೆಗೆ ಕೊಡೋಣ ಅಂದುಕೊಂಡಿದ್ದೇವೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ಬೆಳೆಸಿ, ಪಳಗಿಸಿ ಕೊಡುವ ಶಾಲೆ ಅದು. ಮರಿಯೊಂದಕ್ಕೆ ಪ್ರಾಯೋಜಕರಾಗಿ ಕನ್ನಡದ ಹೆಸರಿಡಬೇಕು ಅಂತ ಮಕ್ಕಳ ಹಟ. ಗೊತ್ತಿದ್ದವರು ತಿಳಿಸಿ:

ಆ ದುಡ್ಡು ಅದೇ ಮರಿಗೆ ಖರ್ಚಾಗುತ್ತದೆಯೇ? ಮರಿ ತರಬೇತಿಯಲ್ಲಿ ಫೇಲಾದರೆ ನಮ್ಮ ದುಡ್ಡು ದಂಡವೇ? ಎಲ್ಲರ ದುಡ್ಡನ್ನೂ ಒಬ್ಬರ ಖಾತೆಗೆ ಹಾಕಿಸಿಕೊಂಡು ಒಂದೇ ಚೆಕ್ ಕೊಡುವುದು ಸರಿಯೇ? ದುಡ್ಡಿನ ಬದಲು ಮನೆಯಲ್ಲೇ ಒಂದು ಮರಿ ಸಾಕಿಕೊಡಲು ಆಗುತ್ತದೆಯೇ? ನಮ್ಮಲ್ಲಿ ಹೆಚ್ಚಿನ ಮನೆಗಳು ಸಸ್ಯಾಹಾರಿ.

ಹಾರ್ನೆಸ್_ಹಿಡಿ

ಮೊದಲನೆಯದಕ್ಕೆ ನೇರ ಉತ್ತರ: ಇಲ್ಲ. ಹೆಚ್ಚಿನ ಶಾಲೆಗಳಲ್ಲಿ ಪ್ರಾಯೋಜಕರ ದುಡ್ಡು ಒಟ್ಟು ಕಾರ್ಯಕ್ರಮದ ಹುಂಡಿಗೇ ಬೀಳುತ್ತದೆ. ನಿಮಗೆ ಬರುವ ಫೋಟೊ, ಪತ್ರ ಒಂದು ಮರಿಯದಾಗಿರುತ್ತವೆ, ಖರ್ಚು ಎಲ್ಲ ಮರಿಗಳದು. ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಓದಿ ನೋಡಿ. ಇದರಲ್ಲಿ ಮೋಸವೇನಿಲ್ಲ. ಬೇರೆ ಹೇಗೂ ಮಾಡಲು ಬಾರದು, ಯಾಕೆಂದರೆ ಖರ್ಚು ಬೀಳುವ ಜಾಗಗಳನ್ನು ನೋಡಿ.

ಶಾಲೆಗಳು ನಾಯಿ ಕೊಳ್ಳುವುದು ಕಡಿಮೆ, ತಾವೇ ತಳಿ ಬೆಳೆಸುತ್ತವೆ: ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಅವೆರಡರ ಮಿಶ್ರ, ಜರ್ಮನ್ ಶೆಫರ್ಡ್. ತಾಯಿತಂದೆ ನಾಯಿಗಳ ಸೊಂಟದ ಕೀಲು ಮತ್ತು ಮೊಣಕೈ ಎಕ್ಸ್‌ರೇ, ಕಣ್ಣಿನ ತಪಾಸಣೆ, ಸ್ವಭಾವ ಪರೀಕ್ಷೆ, ಹೆರಿಗೆ ಕೋಣೆಯಲ್ಲಿ ರಾತ್ರಿ ಪಾಳಿ. ಏಳೆಂಟು ವಾರಕ್ಕೆ ಮರಿ ಸ್ವಯಂಸೇವಕರ ಮನೆಗೆ ಹೋಗಿ ಒಂದು ವರ್ಷ ದಾಟುವವರೆಗೆ ಅಲ್ಲೇ ಬೆಳೆಯುತ್ತದೆ. ಈ ಹಂತ ಅಗ್ಗ, ಯಾಕೆಂದರೆ ದುಡಿಮೆ ಪುಕ್ಕಟೆ. ಆಮೇಲೆ ಶಾಲೆಗೆ ವಾಪಸು, ಸುಮಾರು ನಾಲ್ಕು ತಿಂಗಳು ತರಬೇತಿ. ದುಡ್ಡು ಕರಗುವುದು ಇಲ್ಲಿ. ಒಬ್ಬ ತರಬೇತುದಾರರ ಕೈಯಲ್ಲಿ ಒಂದು ಗುಂಪು ನಾಯಿಗಳಿರುತ್ತವೆ, ಪ್ರತಿಯೊಂದನ್ನೂ ದಿನಾ ಬೀದಿಗೆ ಕರೆದೊಯ್ಯಬೇಕು. ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು, ಮನುಷ್ಯನ ತಲೆಗೆ ತಾಗುವ ಕೊಂಬೆಯನ್ನೂ ಅಡ್ಡಿ ಎಂದು ಲೆಕ್ಕಹಾಕುವುದು (ನಾಯಿಗೆ ಅದರಡಿ ನುಸುಳಲು ಜಾಗವಿರುತ್ತದೆ, ಆದರೂ), 'ಫಾರ್ವರ್ಡ್' ಅಂದಾಗಲೂ ಕಾರು ಬರುತ್ತಿದ್ದರೆ ಮಾತು ಕೇಳದೆ ನಿಲ್ಲುವುದು. ಸದ್ದಿಲ್ಲದ ಎಲೆಕ್ಟ್ರಿಕ್ ಕಾರುಗಳು ಬಂದ ಮೇಲೆ ಈ ಕೊನೆಯ ಪಾಠದ ಬೆಲೆ ಹೆಚ್ಚಿದೆ. ಕೊನೆಗೆ ತರಬೇತುದಾರರೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಊರೊಳಗೆ ನಡೆದು ಪರೀಕ್ಷಿಸುತ್ತಾರೆ. ಇಷ್ಟನ್ನು ಕಲಿಸಬಲ್ಲವರು ತಯಾರಾಗಲು ಮೂರು ವರ್ಷದ ಅಪ್ರೆಂಟಿಸ್‌ಶಿಪ್ ಬೇಕು, ಅಷ್ಟೂ ಕಾಲ ಅವರಿಗೆ ಸಂಬಳ ಕೊಡಬೇಕು.

ಆಮೇಲೆ ನಾಯಿ ಪಡೆಯುವವರು ಶಾಲೆಗೆ ಬಂದು ಮೂರ್ನಾಲ್ಕು ವಾರ ಅಲ್ಲೇ ಉಳಿಯುತ್ತಾರೆ. ಪ್ರಯಾಣ, ಕೋಣೆ, ಊಟ ಎಲ್ಲ ಶಾಲೆಯದು. ಸೀಯಿಂಗ್ ಐ ಮೊದಲ ನಾಯಿಗೆ 150 ಡಾಲರ್, ನಂತರದ ಪ್ರತಿ ನಾಯಿಗೆ 50 ಡಾಲರ್, ಮಾಜಿ ಸೈನಿಕರಿಗೆ 1 ಡಾಲರ್ ತೆಗೆದುಕೊಳ್ಳುತ್ತದೆ. ಧರ್ಮಕ್ಕೆ ಸಿಕ್ಕಿದ್ದಲ್ಲ, ನಾನು ಕೊಟ್ಟು ತಂದದ್ದು ಅನ್ನುವ ಹಕ್ಕು ಇರಲಿ ಎಂದೇ ಆ ಮೊತ್ತ. ಬೇರೆ ಹಲವು ಶಾಲೆಗಳು ಅದನ್ನೂ ಕೇಳುವುದಿಲ್ಲ. ನಿಜವಾದ ಖರ್ಚು ನಾಯಿಯೊಂದಕ್ಕೆ ಹತ್ತಾರು ಸಾವಿರ ಡಾಲರ್. ಆ ನಡುವಿನ ಅಂತರವೇ ದಾನಿಗಳ ಪಾಲು.

ಫೇಲಾಗುವ ಮಾತು. ಸೊಂಟದ ಕೀಲಿನ ದೋಷ, ವಾಸಿಯಾಗದ ಚರ್ಮದ ಅಲರ್ಜಿ, ಲಾರಿ ಸದ್ದಿಗೆ ಬೆಚ್ಚುವುದು, ಅಳಿಲು ಕಂಡರೆ ಎಲ್ಲ ಮರೆಯುವುದು, ನೆಲದಲ್ಲಿ ಬಿದ್ದದ್ದನ್ನು ಬಾಯಿಗೆ ಹಾಕಿಕೊಳ್ಳುವುದು, ಹಾರ್ನೆಸ್ (ನಾಯಿಯ ಮೈಗೆ ಕಟ್ಟುವ, ಹಿಡಿ ಇರುವ ಪಟ್ಟಿ) ಹಾಕಿದೊಡನೆ ಮಂಕಾಗುವುದು. ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಲೆಕ್ಕಕ್ಕೆ ಹತ್ತು ಮರಿ ಹಿಡಿಯಿರಿ, ಆರು ಗೆದ್ದವು ಅನ್ನಿ. ಹತ್ತರ ಖರ್ಚನ್ನೂ ಆ ಆರೇ ಹೊರಬೇಕು. ಅಂದಮೇಲೆ ಫೇಲಾದ ಮರಿಗೆ ಹೋದ ದುಡ್ಡು ದಂಡವಲ್ಲ, ಗೆದ್ದ ನಾಯಿಯ ಬೆಲೆಯಲ್ಲಿ ಅದೂ ಸೇರಿದೆ. ಫೇಲು ಮಾಡಲು ಹಿಂಜರಿಯುವ ಶಾಲೆಗೆ ಮಾತ್ರ ಕೊಡಬೇಡಿ. ಅನುಮಾನದ ನಾಯಿಯನ್ನು ದಾಟಿಸಿ ಕಳಿಸಿದರೆ ರಸ್ತೆಯಲ್ಲಿ ಅಪಾಯ ಒಬ್ಬ ಮನುಷ್ಯನಿಗೆ. ಹೊರಬಿದ್ದ ನಾಯಿಗಳು ಪತ್ತೆ ಕೆಲಸಕ್ಕೋ ಬೇರೆ ಸಹಾಯದ ಕೆಲಸಕ್ಕೋ ಹೋಗುತ್ತವೆ, ಇಲ್ಲವೇ ಸಾಕಿದ ಮನೆಗೇ ಮರಳುತ್ತವೆ.

ಇಂಥ ವ್ಯಕ್ತಿಗೇ ಈ ನಾಯಿ ಕೊಡಿ ಎಂದು ಕೇಳಲು ಬರುವುದಿಲ್ಲ. ನಡಿಗೆಯ ವೇಗ, ನಾಯಿ ಎಳೆಯುವ ಬಲ, ಮನೆ, ಕೆಲಸ ನೋಡಿ ಜೋಡಿ ಮಾಡುತ್ತಾರೆ.

ಜಮಾಖರ್ಚು

ಮೂರನೆಯ ಪ್ರಶ್ನೆಗೆ: ದಯವಿಟ್ಟು ಹಾಗೆ ಮಾಡಬೇಡಿ. ಒಬ್ಬರ ಖಾತೆಗೆ ಎಲ್ಲರೂ ಝೆಲ್ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಸೌಲಭ್ಯ) ಮಾಡಿ, ಅವರು ಚೆಕ್ ಬರೆದರೆ ಶಾಲೆಯ ರಸೀದಿ ಬರುವುದು ಅವರೊಬ್ಬರ ಹೆಸರಿಗೆ. ಉಳಿದವರಿಗೆ ತೆರಿಗೆ ಕಡಿತವೂ ಇಲ್ಲ, ಕಂಪನಿಯ ಮ್ಯಾಚಿಂಗೂ (ನೌಕರರು ಕೊಟ್ಟದ್ದಕ್ಕೆ ಕಂಪನಿಯೂ ತನ್ನ ಪಾಲು ಸೇರಿಸುವುದು) ಇಲ್ಲ. ನಿಮ್ಮ ಕೂಟವೇ 501 ಸಿ 3 (ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ) ನೋಂದಣಿ ಇರುವ ಸಂಸ್ಥೆಯಾಗಿದ್ದರೆ ಅದಕ್ಕೆ ಕೊಟ್ಟು ಅದರಿಂದ ಕೊಡಿಸಬಹುದು. ಆದರೆ ಊಟದ ಕೂಪನ್ ಮಾರಿ ಎತ್ತಿದ ದುಡ್ಡಿನಲ್ಲಿ ಊಟದ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ಕಡಿತ. ಲಾಟರಿ ಟಿಕೆಟ್ಟಿಗೆ ಅದೂ ಇಲ್ಲ.

ಸುಲಭದ ದಾರಿ ಹೀಗಿದೆ. ಪ್ರತಿ ಮನೆಯವರೂ ನೇರವಾಗಿ ಶಾಲೆಯ ಪುಟದಲ್ಲಿ ಕೊಡಿ, 'ಯಾರ ಗೌರವಾರ್ಥ' ಎಂಬ ಜಾಗದಲ್ಲಿ ಎಲ್ಲರೂ ಒಂದೇ ಹೆಸರು ಬರೆಯಿರಿ. ಮೊದಲೇ ಶಾಲೆಯ ದೇಣಿಗೆ ವಿಭಾಗಕ್ಕೆ ಒಂದು ಮೇಲ್ ಹಾಕಿ, ಈ ಹೆಸರಿನಲ್ಲಿ ಬರುವುದನ್ನು ಒಂದೇ ಗುಂಪಿನದೆಂದು ಲೆಕ್ಕ ಹಿಡಿಯಲು ಆಗುತ್ತದೆಯೇ ಕೇಳಿ. ಆಮೇಲೆ ಕಂಪನಿಯ ಪೋರ್ಟಲ್‌ನಲ್ಲಿ ಮ್ಯಾಚಿಂಗ್ ಅರ್ಜಿ. ಮ್ಯಾಚಿಂಗ್ ತಪ್ಪಿಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಅರ್ಜಿಯ ಗಡುವು ದಾಟಿರುತ್ತದೆ, ಇಲ್ಲವೇ ಅದೇ ಥರದ ಹೆಸರಿನ ಬೇರೆ ಸಂಸ್ಥೆಯನ್ನು ಆರಿಸಿರುತ್ತಾರೆ. 'ಗೈಡ್ ಡಾಗ್' ಎಂಬ ಪದ ಇರುವ ಸಂಸ್ಥೆಗಳು ಅಮೆರಿಕದಲ್ಲಿ ಹಲವಿವೆ. ಹೆಸರು ನೋಡಬೇಡಿ, ಇಐಎನ್ (ಸಂಸ್ಥೆಯ ತೆರಿಗೆ ಗುರುತಿನ) ನಂಬರ್ ತಾಳೆ ನೋಡಿ.

250 ಡಾಲರ್ ಅಥವಾ ಹೆಚ್ಚಿನ ಒಂದೊಂದು ದೇಣಿಗೆಗೂ ಶಾಲೆಯ ಲಿಖಿತ ಸ್ವೀಕೃತಿ ಇರಲೇಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲದು. 2026ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಪಟ್ಟಿ ಕೊಡದೆ ಸಿಗುವ ನಿಗದಿತ ಕಡಿತ) ತೆಗೆದುಕೊಳ್ಳುವವರಿಗೂ ನಗದು ದೇಣಿಗೆಯಲ್ಲಿ 1,000 ಡಾಲರ್, ದಂಪತಿ ಜಂಟಿಯಾಗಿ ಸಲ್ಲಿಸಿದರೆ 2,000 ಡಾಲರ್ ವರೆಗೆ ಕಡಿತವಿದೆ. ಕಂಪನಿಯ ಷೇರು ಬೆಲೆ ಏರಿ ಕೂತಿದ್ದರೆ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡದ್ದಾದರೆ, ಮಾರಿ ದುಡ್ಡು ಕೊಡುವ ಬದಲು ಷೇರನ್ನೇ ವರ್ಗಾಯಿಸಿ. ಲಾಭದ ತೆರಿಗೆ ಬೀಳುವುದಿಲ್ಲ.

ಇನ್ನೊಂದು, ಇದು ನನ್ನ ಖಚಿತ ಅಭಿಪ್ರಾಯ: ಚೆಕ್ಕಿನ ಮೇಲೆ 'ಮರಿಗಳ ಆಹಾರಕ್ಕೆ ಮಾತ್ರ' ಎಂದೆಲ್ಲ ಷರತ್ತು ಬರೆಯಬೇಡಿ. ಆ ದುಡ್ಡು ಬೇರೆ ಕಟ್ಟಿನಲ್ಲಿ ಕೂರುತ್ತದೆ, ತರಬೇತುದಾರರ ಸಂಬಳಕ್ಕೆ ಬೇಕಾದಾಗ ಮುಟ್ಟುವಂತಿಲ್ಲ. ಇವತ್ತು ಹುಟ್ಟಿದ ಮರಿ ಕೆಲಸಕ್ಕೆ ನಿಲ್ಲಲು ಹೆಚ್ಚುಕಡಿಮೆ ಎರಡು ವರ್ಷ. ಎಷ್ಟು ಮರಿ ಹುಟ್ಟಿಸಬೇಕೆಂದು ಶಾಲೆ ಈಗಲೇ ನಿರ್ಧರಿಸಬೇಕು. ಹಾಗಾಗಿ ಒಮ್ಮೆ 600 ಕೊಡುವುದಕ್ಕಿಂತ ತಿಂಗಳಿಗೆ 25ರಂತೆ ಎರಡು ವರ್ಷ ಕೊಡುವ ದಾನಿ ಅವರಿಗೆ ಹೆಚ್ಚು ಉಪಯೋಗ.

ಎಡಿಸನ್_ಕನ್ನಡಿಗ

ಇಬ್ಬರಿಗೂ ಧನ್ಯವಾದ. ನಮ್ಮಲ್ಲೊಬ್ಬರ ತಕರಾರು: 1929ರಿಂದ ನಡೆದ ಶಾಲೆ, ಉಯಿಲಿನಲ್ಲಿ ಬಂದ ಇಡುಗಂಟು ಬೇಕಾದಷ್ಟಿರುತ್ತದೆ, ನಮ್ಮ ಚಿಲ್ಲರೆ ಯಾಕೆ ಅಂತ. ಏನು ಹೇಳಲಿ?

ಜಮಾಖರ್ಚು

ತಕರಾರಿನಲ್ಲಿ ಹುರುಳಿದೆ, ತಳ್ಳಿಹಾಕಬೇಡಿ. ಫಾರ್ಮ್ 990, ಅಂದರೆ ದತ್ತಿ ಸಂಸ್ಥೆಗಳು ಪ್ರತಿವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಲೆಕ್ಕಪತ್ರ, ಯಾರು ಬೇಕಾದರೂ ನೋಡಬಹುದು. ಒಂಬತ್ತನೆಯ ಭಾಗದಲ್ಲಿ ಪ್ರತಿ ಖರ್ಚನ್ನೂ ಕಾರ್ಯಕ್ರಮ, ಆಡಳಿತ, ದೇಣಿಗೆ ಸಂಗ್ರಹ ಎಂದು ಮೂರು ಕಾಲಂ ಮಾಡಿರುತ್ತಾರೆ. ಅದರ ಜೊತೆಗಿನ ಶೆಡ್ಯೂಲ್ ಡಿಯಲ್ಲಿ ಇಡುಗಂಟು ವರ್ಷದ ಮೊದಲಿಗೆ ಎಷ್ಟಿತ್ತು, ಎಷ್ಟು ಸೇರಿತು, ಎಷ್ಟು ತೆಗೆದರು ಎಂಬುದಿರುತ್ತದೆ. ಒಂದು ವರ್ಷದ್ದು ನೋಡಿ ತೀರ್ಮಾನಿಸಬೇಡಿ, ದೊಡ್ಡ ಉಯಿಲೊಂದು ಬಂದ ವರ್ಷ ಲೆಕ್ಕವೇ ತಲೆಕೆಳಗಾಗಿರುತ್ತದೆ. ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ.

ಇಡುಗಂಟು ಯಾಕೆ ಬೇಕು ಅನ್ನುವುದಕ್ಕೆ: ನಾಯಿ ಕೆಲಸ ಮಾಡುವುದು ಹೆಚ್ಚೆಂದರೆ ಎಂಟು ವರ್ಷದ ಆಸುಪಾಸು. 25ನೆಯ ವಯಸ್ಸಿನಲ್ಲಿ ಮೊದಲ ನಾಯಿ ಪಡೆದವರಿಗೆ 70ರ ಹೊತ್ತಿಗೆ ಐದಾರು ನಾಯಿ ಬೇಕಾಗುತ್ತವೆ. ನಡುವೆ ಮನೆ ಬದಲಾಯಿತು, ನಾಯಿಗೆ ಕೆಟ್ಟ ಚಾಳಿ ಹತ್ತಿತು ಅಂದರೆ ತರಬೇತುದಾರರು ಅವರ ಊರಿಗೇ ಹೋಗಿ ಸರಿಮಾಡಬೇಕು. ಈ ಮಾತು ಕೊಟ್ಟ ಶಾಲೆ ಬರುವ ವರ್ಷದ ದೇಣಿಗೆಯನ್ನೇ ನಂಬಿ ಕೂರಲಾಗದು. ಅಷ್ಟಾದರೂ ಇಡುಗಂಟಿಲ್ಲದ ಚಿಕ್ಕ ಶಾಲೆಗೇ ಕೊಡುತ್ತೇವೆ ಅಂದರೆ ಅದೂ ನ್ಯಾಯವೇ. ಅಂತರರಾಷ್ಟ್ರೀಯ ಗೈಡ್ ಡಾಗ್ ಒಕ್ಕೂಟದ ಮಾನ್ಯತೆ ಇದೆಯೇ ನೋಡಿಕೊಂಡು ಕೊಡಿ.

ಮರಿ_ಮನೆ

ಸಾಕುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಲ್ಲ! ಸೀಯಿಂಗ್ ಐ ಮರಿಗಳು ನ್ಯೂಜೆರ್ಸಿ ಮತ್ತು ಅಕ್ಕಪಕ್ಕದ ರಾಜ್ಯಗಳ ಮನೆಗಳಲ್ಲೇ ಬೆಳೆಯುವುದು. ಹಾಗಾಗಿ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ಆದರೆ ನಮ್ಮ ಮನೆಗಳಲ್ಲಿ ಎಡವಟ್ಟಾಗುವ ಜಾಗಗಳನ್ನು ಮೊದಲೇ ಮಾತಾಡಿಕೊಳ್ಳಿ.

ಆಹಾರ: ಶಾಲೆ ಹೇಳಿದ ಒಣ ಆಹಾರವೇ, ಅಳತೆ ಮಾಡಿಯೇ. ಅದರಲ್ಲಿ ಮಾಂಸ ಇರುತ್ತದೆ, ಸಸ್ಯಾಹಾರಕ್ಕೆ ಬದಲಾಯಿಸಲು ಬಿಡುವುದಿಲ್ಲ. ಬೆಳೆದ ಲ್ಯಾಬ್ರಡಾರ್ ದಿನಕ್ಕೆ ಸುಮಾರು 300ರಿಂದ 400 ಗ್ರಾಂ ತಿನ್ನುತ್ತದೆ. ಆ ಡಬ್ಬ ಅಡುಗೆಮನೆಯಲ್ಲಿ ಬೇಡವೆಂದರೆ ಗ್ಯಾರೇಜಿನಲ್ಲಿಡಿ. ತಟ್ಟೆಯಿಂದ ಒಂದು ತುಂಡು ದೋಸೆಯೂ ಕೊಡುವಂತಿಲ್ಲ. ಕೊಟ್ಟು ರೂಢಿಯಾದ ನಾಯಿ ನಾಳೆ ಹೋಟೆಲಿನಲ್ಲಿ ಮೇಜಿನಡಿ ಸುಮ್ಮನೆ ಮಲಗುವುದಿಲ್ಲ, ಫೇಲಾಗುವ ಕಾರಣಗಳಲ್ಲಿ ಇದೂ ಒಂದು. ಅಜ್ಜಿತಾತ ಊರಿಂದ ಬಂದಾಗ ಈ ನಿಯಮ ಮುರಿಯುವುದು ಗ್ಯಾರಂಟಿ, ಅವರಿಗೆ ಮೊದಲ ದಿನವೇ ಹೇಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಪಾಯಸದ ಒಣದ್ರಾಕ್ಷಿ ನೆಲಕ್ಕೆ ಬಿದ್ದರೂ ಎತ್ತಿಬಿಡಿ.

ಬಾಗಿಲ ಬಳಿ ಬಿಡುವ ಚಪ್ಪಲಿ ರಾಶಿ ಮರಿಯ ಕೈಗೆ ಸಿಗದಂತೆ ಮುಚ್ಚಿದ ಕಪಾಟಿಗೆ. ಚೆಂಡೆಸೆದು ಓಡಿಸುವ ಆಟ ಹಲವು ಶಾಲೆಗಳಿಗೆ ಬೇಡ, ಉರುಳುವುದರ ಹಿಂದೆ ಓಡುವ ಚಟ ರಸ್ತೆಯಲ್ಲಿ ಅಪಾಯ. ಎಸ್ಕಲೇಟರ್‌ಗೆ ಹತ್ತಿಸಬೇಡಿ, ಪಂಜ ಸಿಕ್ಕಿಕೊಳ್ಳುತ್ತದೆ. ಹೇಳಿದಾಗ, ಹೇಳಿದ ಜಾಗದಲ್ಲಿ ಮಲಮೂತ್ರ ಮಾಡುವುದನ್ನು ಮೊದಲ ವಾರದಿಂದಲೇ ರೂಢಿಸಬೇಕು. ಹಾರ್ನೆಸ್ ಹಾಕಿ ದಾರಿ ತೋರುವುದನ್ನು ನೀವು ಕಲಿಸಬೇಕಿಲ್ಲ, ಕಲಿಸಲೂಬಾರದು. ನಿಮ್ಮ ಪಾಲಿನ ಕೆಲಸ ಮೆಟ್ಟಿಲು, ಲಿಫ್ಟು, ರೈಲು ನಿಲ್ದಾಣ, ಗದ್ದಲ, ಮಕ್ಕಳು, ಮಳೆ ಇವೆಲ್ಲ ಮರಿಗೆ ಮಾಮೂಲಿ ಅನ್ನಿಸುವಂತೆ ಮಾಡುವುದು. ದೀಪಾವಳಿ ಪಟಾಕಿ ಹತ್ತಿರದಲ್ಲಿ ಹೊಡೆಯಬೇಡಿ. ಒಮ್ಮೆ ಕೂತ ಭಯ ತೆಗೆಯುವುದು ಬಹಳ ಕಷ್ಟ.

ಬೇಸಿಗೆಯಲ್ಲಿ ಆರು ವಾರ ಊರಿಗೆ ಹೋಗುವ ಮನೆಯವರು ಅದನ್ನು ಮರಿ ತರುವ ಮೊದಲೇ ಪ್ರದೇಶದ ಸಂಯೋಜಕರಿಗೆ ಹೇಳಿ. ಬೇರೆ ಸಾಕುವ ಮನೆಯಲ್ಲಿ ಬಿಡಬಹುದು, ಆದರೆ ಪದೇಪದೇ ಮನೆ ಬದಲಿಸುವುದು ಮರಿಗೆ ಒಳ್ಳೆಯದಲ್ಲ. ಲಸಿಕೆ, ವೈದ್ಯರ ಖರ್ಚು ಶಾಲೆ ಕೊಡುತ್ತದೆ. ಹಾಳಾದ ಸೋಫಾ ನಿಮ್ಮದೇ.

ಅಂಗಡಿ, ಹೋಟೆಲಿಗೆ ಮರಿ ಕರೆದೊಯ್ಯುವ ಹಕ್ಕಿನ ಬಗ್ಗೆ ಎಚ್ಚರ: ಫೆಡರಲ್ ಕಾನೂನು ತರಬೇತಿ ಮುಗಿಸಿದ ನಾಯಿಗೆ ಮಾತ್ರ. ಕಲಿಯುತ್ತಿರುವ ಮರಿಗೆ ಆಯಾ ರಾಜ್ಯದ ಕಾನೂನು ಅನ್ವಯ. ಸಂಯೋಜಕರನ್ನು ಕೇಳಿಯೇ ಹೋಗಿ.

ಲೀಡ್ಸ್_ಲಿಂದ

ಬ್ರಿಟನ್‌ನಲ್ಲಿರುವವರಿಗೆ ವ್ಯತ್ಯಾಸಗಳು: ಇಲ್ಲಿ ನಾಯಿ ಮತ್ತು ಅದನ್ನು ಪಡೆದವರ ಮೊದಲ ನಾಲ್ಕು ಜೋಡಿ ತಯಾರಾದದ್ದು 1931ರಲ್ಲಿ, ವಾಲಸಿಯಲ್ಲಿ. ಇಂದಿನ ಗೈಡ್ ಡಾಗ್ಸ್ ಸಂಸ್ಥೆ ಶುರುವಾದದ್ದು 1934ರಲ್ಲಿ. ನಾಯಿ ಕೆಲಸದಲ್ಲಿರುವವರೆಗೂ ಅದರ ಒಡೆತನ ಸಂಸ್ಥೆಯದೇ. ಆದ್ದರಿಂದ ಕೆಲಸಕ್ಕೆ ಹೋದ ಮೇಲೂ ಆಹಾರ, ವೈದ್ಯರ ಖರ್ಚು ದಾನಿಗಳ ದುಡ್ಡಿನಿಂದಲೇ ಸಾಗಬಹುದು. ಸೀಯಿಂಗ್ ಐ ಆದರೋ ತರಬೇತಿ ಮುಗಿದೊಡನೆ ನಾಯಿ ಪಡೆದವರಿಗೇ ಒಡೆತನ ಬಿಟ್ಟುಕೊಡುತ್ತದೆ. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ (ನೀವು ಕಟ್ಟಿದ ತೆರಿಗೆಯ ಪಾಲನ್ನು ಸರ್ಕಾರ ಸಂಸ್ಥೆಗೆ ಕೊಡುವ ಏರ್ಪಾಡು) ಚೌಕಕ್ಕೆ ಟಿಕ್ ಹಾಕಿದರೆ ನಿಮ್ಮ 100 ಪೌಂಡ್ ಅವರಿಗೆ 125 ಆಗುತ್ತದೆ. ಟಿಕ್ ಮರೆಯಬೇಡಿ.

ಒಂಟಿಕೊಪ್ಪಲ್

ಮೈಸೂರಿನಿಂದ ಅಮೆರಿಕದ ಶಾಲೆಗೆ ಕಳಿಸಿದರೆ ಭಾರತದ 80ಜಿ ತೆರಿಗೆ ಕಡಿತ ಸಿಗುತ್ತದೆಯೇ? ಇಲ್ಲಿಯವರಿಗೆ ಅಲ್ಲಿಂದ ನಾಯಿ ತರಿಸಲು ದುಡ್ಡು ಸೇರಿಸಿದರೆ?

ಹಾರ್ನೆಸ್_ಹಿಡಿ

80ಜಿ ಭಾರತದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಸರ್, ಸಿಗುವುದಿಲ್ಲ. ಎರಡನೆಯದು ಬೇಡ. ನಾಯಿ ಕೆಲಸ ಮಾಡುವುದು ಫುಟ್‌ಪಾತಿನ ಅಂಚನ್ನು ಗುರುತು ಹಿಡಿದು. ಅಂಚೇ ಇಲ್ಲದ, ಇದ್ದರೂ ಸ್ಕೂಟರ್ ನಿಂತಿರುವ ಬೀದಿಯಲ್ಲಿ ಅದು ಕಲಿತದ್ದು ನಿಲ್ಲುವುದಿಲ್ಲ. ಬೀದಿನಾಯಿಗಳ ಗುಂಪು ಮೇಲೆ ಬಿದ್ದರೆ ಒಂದೇ ಸಲಕ್ಕೆ ಪಳಗಿದ ನಾಯಿಯ ಧೈರ್ಯ ಮುರಿಯಬಹುದು. ಅದನ್ನು ಸರಿಮಾಡುವ ತರಬೇತುದಾರರು ಹತ್ತಿರದಲ್ಲಿಲ್ಲ. ಅದೇ ದುಡ್ಡನ್ನು ಬಿಳಿ ಕೋಲಿನ ನಡಿಗೆಯ ತರಬೇತಿಗೆ ಕೊಡಿ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ರಾಷ್ಟ್ರೀಯ ಅಂಧರ ಸಂಘದ ಕರ್ನಾಟಕ ಶಾಖೆಯನ್ನು ವಿಚಾರಿಸಿ. ಅಮೆರಿಕದಲ್ಲೂ ಕೋಲು ಹಿಡಿದು ಒಬ್ಬರೇ ಓಡಾಡಲು ಬರುವವರಿಗೇ ಶಾಲೆಗಳು ನಾಯಿ ಕೊಡುವುದು.

ಎಡಿಸನ್_ಕನ್ನಡಿಗ

ತುಂಬ ಉಪಕಾರವಾಯಿತು. ಮನೆಮನೆಯವರೂ ನೇರವಾಗಿ, ತಿಂಗಳ ದೇಣಿಗೆ, ಷರತ್ತಿಲ್ಲದೆ ಎಂದು ತೀರ್ಮಾನ. ಹೆಸರಿಗೆ ಮಾತ್ರ ಮಕ್ಕಳು ಪಟ್ಟು ಬಿಡುತ್ತಿಲ್ಲ. 'ಸಿರಿ' ಅಂತ ಇಡಬೇಕಂತೆ.

ಮರಿ_ಮನೆ

ಹೆಸರಿಡುವ ಅವಕಾಶಕ್ಕೆ ಬೇರೆಯೇ ಮೊತ್ತ, ಸಾವಿರಗಳಲ್ಲಿ. ಶಾಲೆಯನ್ನು ಕೇಳಿ. ಸೀಯಿಂಗ್ ಐನಲ್ಲಿ ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಶುರುವಾಗುವ ಹೆಸರು, ಆದ್ದರಿಂದ ಮೂರ್ನಾಲ್ಕು ಹೆಸರು ಸಿದ್ಧವಿರಲಿ. ಚಿಕ್ಕದಿರಬೇಕು, ಆಜ್ಞೆಯ ಪದದಂತೆ ಕೇಳಿಸಬಾರದು. 'ನೋ' ಎಂದು ಶುರುವಾಗುವುದೆಲ್ಲ ಬೇಡ. 'ಸಿರಿ' ಅಂತೂ ಬೇಡವೇ ಬೇಡ: ನಾಯಿ ಪಡೆಯುವವರಲ್ಲಿ ಐಫೋನ್ ಬಳಸುವವರು ಬಹಳ, ಅದರ ಧ್ವನಿ ಸಹಾಯಕಿಯ ಹೆಸರೂ ಅದೇ, ನಾಯಿಯನ್ನು ಕರೆದಾಗ ಜೇಬಿನಿಂದ ಫೋನು ಓಗೊಟ್ಟೀತು. 'ತಾರಾ', 'ಮುತ್ತು' ಇಂಥವನ್ನು ಕಳಿಸಿ ನೋಡಿ.