ಹಿಮ ಬೀಳುವ ಊರಿಗೆ ಹೋಗಿ ನೆಲೆಸಲೇ? – ಓದುಗರ ಸ್ಪಂದನ

ಕಳೆದ ತಿಂಗಳ ಸಮಸ್ಯೆ: ನನಗೆ 30 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅಮ್ಮನ ಜೊತೆ ಇದ್ದೇನೆ. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಚಿಕ್ಕಂದಿನಿಂದ ನನಗೆ ಚಳಿಗಾಲ ಅಂದ್ರೆ ಪ್ರಾಣ. ಟೆರೇಸ್ ಮೇಲೆ ಥರ್ಮಾಮೀಟರ್ ನೇತುಹಾಕಿ, 9 ವರ್ಷದಿಂದ ದಿನಾ ಬೆಳಿಗ್ಗೆ 6ಕ್ಕೆ ಬರೆದಿಡುತ್ತಿದ್ದೇನೆ. 13 ಡಿಗ್ರಿಗೆ ಇಳಿದ ದಿನ ನನಗೆ ಹಬ್ಬ. ಮನಾಲಿಗೆ ಎರಡು ಸಲ ಹೋಗಿದ್ದೆ. ಒಂದು ಸಲ ಊರಲ್ಲಿ ಬರೀ ಮಳೆ. ಇನ್ನೊಂದು ಸಲ ರಾತ್ರಿಯೆಲ್ಲ ಹಿಮ ಬಿತ್ತು, ನಾನು ನಿದ್ದೆಯೇ ಮಾಡಲಿಲ್ಲ. ಅಂಥ ಕಡೆ ಹೋಗಿ ಇದ್ದುಬಿಡಬೇಕು ಅನ್ನುವ ಆಸೆ ಬಿಡುತ್ತಿಲ್ಲ. 'ನೋಡೋಕೆ ಹೋಗು, ಇರೋಕೆ ಯಾಕೆ?' ಅಂತಾರೆ ಅಮ್ಮ. ಅದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಹೋಗಲೇ? ಹೋದರೆ ಎಲ್ಲಿಗೆ?

*

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಸೈನ್ಯದಲ್ಲಿದ್ದಾಗ ದ್ರಾಸ್‌ನಲ್ಲಿ ಎರಡು ಚಳಿಗಾಲ ಕಳೆದವನು ನಾನು. ಲಡಾಖ್‌ನ ಕಾರ್ಗಿಲ್ ಕಡೆಯ ಊರು, ಸುಮಾರು 3,300 ಮೀಟರ್ ಎತ್ತರ. ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಬಿಸಿಲಲ್ಲಿ. ಹೊರಡುವಾಗ ನಮ್ಮವ್ವ ಟ್ರಂಕಿನಲ್ಲಿ ಊರ ಕಂಬಳಿ ಮಡಚಿ ಇಟ್ಟಿದ್ದಳು. ಸೈನ್ಯದವರು ಕೊಟ್ಟ ದಪ್ಪ ಕೋಟು, ಬೂಟು ಎಲ್ಲ ಇದ್ದರೂ ರಾತ್ರಿ ಮೇಲೆ ಆ ಕಂಬಳಿ ಬೇಕೇ ಬೇಕಿತ್ತು.

ಹಿಮ ಬೀಳುವ ರಾತ್ರಿ ನಿದ್ದೆ ಬರಲಿಲ್ಲ ಅಂದೆಯಲ್ಲ, ನನಗೂ ಬರುತ್ತಿರಲಿಲ್ಲ. ಮಳೆಗೆ ಸದ್ದಿದೆ, ಹಿಮಕ್ಕೆ ಇಲ್ಲ. ಊರಿನ ಉಳಿದ ಸದ್ದನ್ನೂ ಅದು ನುಂಗಿಬಿಡುತ್ತದೆ. ಪಕ್ಕದಲ್ಲೇ ನಾಯಿ ಬೊಗಳಿದರೂ ಎಲ್ಲೋ ಗುಡ್ಡದಾಚೆ ಬೊಗಳಿದ ಹಾಗೆ ಕೇಳುತ್ತದೆ. ಇನ್ನೊಂದು ವಿಷಯ ನೀನು ಗಮನಿಸಿರಬಹುದು. ಹಿಮ ಬೀಳುವ ರಾತ್ರಿ ಅಷ್ಟೊಂದು ಚಳಿ ಇರುವುದಿಲ್ಲ, ಮೋಡ ಹೊದಿಕೆಯ ಹಾಗೆ ಕಾಯುತ್ತದೆ. ಮೋಡ ಸರಿದು ನಕ್ಷತ್ರ ಕಂಡವು ಅಂದ್ರೆ ಆಗ ನೋಡು ಚಳಿ. ಮೈನಸ್ 20 ಅಲ್ಲಿ ದೊಡ್ಡ ಸುದ್ದಿಯಲ್ಲ.

ಈಗ ದಿನದ ಬದುಕಿನ ಮಾತು. ನಲ್ಲಿಯಲ್ಲಿ ನೀರು ಬರುವುದಿಲ್ಲ. ಪೈಪಿನೊಳಗೇ ಗಟ್ಟಿಯಾಗಿ, ಹಿಗ್ಗಿ, ಪೈಪನ್ನೇ ಒಡೆಯುತ್ತದೆ. ಹಿಮ ಕಾಯಿಸಿ ನೀರು ಮಾಡಿಕೊಳ್ಳಬೇಕು. ಒಂದು ಬಕೆಟ್ ಹೊಸ ಹಿಮ ಕರಗಿಸಿದರೆ ತಳದಲ್ಲಿ ಒಂದು ಚೊಂಬು ನೀರು ಉಳಿಯುತ್ತದೆ, ಅಷ್ಟೇ. ಆ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಅನ್ನ ಸರಿಯಾಗಿ ಬೇಯುವುದಿಲ್ಲ. ಚಾವಣಿಯ ಹಿಮವನ್ನು ಸಲಿಕೆಯಲ್ಲಿ ತಳ್ಳುತ್ತಲೇ ಇರಬೇಕು. ನೋಡೋಕೆ ಹತ್ತಿ ಹರಡಿದಂತೆ ಹಗುರ. ಆದರೆ ಹೊಸ ಹಿಮ ಒಂದು ಮೀಟರ್ ಕೂತರೆ ಚಾವಣಿಯ ಪ್ರತಿ ಚದರ ಮೀಟರ್ ಮೇಲೆ ಸುಮಾರು ಒಂದು ಕ್ವಿಂಟಲ್ ಭಾರ. ನಿಮ್ಮ ಎಪಿಎಂಸಿಯ ಮೆಕ್ಕೆಜೋಳದ ಚೀಲಗಳನ್ನು ಮಾಳಿಗೆ ತುಂಬ ಹೇರಿದ ಹಾಗೆ. ಹಳೆಯದು ಕುಗ್ಗಿ ಗಟ್ಟಿಯಾಗಿ, ಮೇಲೆ ಮತ್ತೆ ಬಿದ್ದರೆ ಇನ್ನೂ ಜಾಸ್ತಿ.

ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ಬೆವರು ಕುಡಿದು ಒದ್ದೆಯಾಗಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆಯದೇ ಆಗಬೇಕು.

ಒಂದು ಮಾತನ್ನಂತೂ ಮರೆಯಬೇಡ. ಅಲ್ಲಿ ಮನೆ ಕಾಯಿಸೋಕೆ ಬುಖಾರಿ ಅಂತ ತಗಡಿನ ಒಲೆ ಇಡುತ್ತಾರೆ. ಬಾಗಿಲು, ಕಿಟಕಿ ಪೂರ್ತಿ ಮುಚ್ಚಿಕೊಂಡು ಅದನ್ನೋ ಇದ್ದಿಲ ಅಗ್ಗಿಷ್ಟಿಕೆಯನ್ನೋ ಉರಿಸಿ ಮಲಗಿದರೆ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಎಷ್ಟೇ ಚಳಿ ಇರಲಿ, ಕಿಟಕಿ ಸ್ವಲ್ಪ ತೆರೆದಿರಲಿ. ಮಲಗುವ ಮುಂಚೆ ಬೆಂಕಿ ಆರಿಸು.

ನಿನ್ನನ್ನು ಹೆದರಿಸೋಕೆ ಇದೆಲ್ಲ ಬರೆದಿಲ್ಲ ತಮ್ಮಾ. ಹೋಗು. ಆದರೆ ಪ್ರವಾಸಿಯಾಗಿ ಅಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ಪೂರ್ತಿ ಚಳಿಗಾಲ ಬಾಡಿಗೆ ಮನೆಯಲ್ಲಿ ಇದ್ದು ನೋಡು. ಹೊಸ ಹಿಮ ಎಲ್ಲರಿಗೂ ಚಂದ. ಫೆಬ್ರವರಿ ಕೊನೆಗೆ ಅದೇ ಹಿಮ ಹೊಗೆ, ಧೂಳು ಕುಡಿದು ಕಪ್ಪಗೆ, ಕಲ್ಲಿನ ಹಾಗೆ ದಾರಿಯಲ್ಲಿ ಕೂತಿರುತ್ತದೆ. ಆಗಲೂ ಬೆಳಿಗ್ಗೆ ಎದ್ದವನೇ ಮೊದಲು ಆಕಾಶ ನೋಡುತ್ತೀಯಾ ಅಂತ ನೋಡಿಕೋ. ನಿಮ್ಮಮ್ಮನಿಗೆ ಕೊಡುವ ಉತ್ತರ ಆಗ ಸಿಗುತ್ತದೆ.

– ನಿವೃತ್ತ ಸೈನಿಕ, ಚಳ್ಳಕೆರೆ

*

ನಾನು ಹರಿಹರದವಳು. ಮದುವೆಯಾಗಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ಗೆ ಬಂದು 11 ವರ್ಷ ಆಯಿತು. ಅಮ್ಮ ನಿಮ್ಮ ಪತ್ರದ ಫೋಟೋ ತೆಗೆದು ಕಳಿಸಿದ್ದರು.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ನಿಮಗೆ ಬೇಕಿರುವುದು ಚಳಿಯೋ, ಹಿಮವೋ? ಎರಡೂ ಒಂದೇ ಅಲ್ಲ. ಮಿನಿಯಾಪೊಲಿಸ್ ನಮ್ಮೂರಿಗಿಂತ ಎಷ್ಟೋ ಜಾಸ್ತಿ ಚಳಿಯ ಊರು, ಆದರೆ ಹಿಮ ಬೀಳುವುದು ನಮ್ಮಲ್ಲಿಯ ಸುಮಾರು ಅರ್ಧ. ಸಿರಾಕ್ಯೂಸ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 3 ಮೀಟರ್ ಬೀಳುತ್ತದೆ. ಕಾರಣ ನಮ್ಮ ಪಕ್ಕದ ಒಂಟಾರಿಯೊ ಸರೋವರ. ಚಳಿಗಾಲದ ಬೆಳಿಗ್ಗೆ ಕುಂದವಾಡ ಕೆರೆಯ ಮೇಲೆ ಆವಿ ಏಳುತ್ತದಲ್ವಾ? ಅಂಥದ್ದೇ ಒಂದು ಕೆರೆ 300 ಕಿಲೋಮೀಟರ್ ಉದ್ದ ಇದೆ ಅಂದ್ಕೊಳ್ಳಿ. ಕೆನಡಾ ಕಡೆಯಿಂದ ಕೊರೆಯುವ ಗಾಳಿ ಅದರ ಮೇಲೆ ಹಾದು, ಆ ಆವಿಯನ್ನು ಹೊತ್ತು ತಂದು, ಈಚೆ ದಡದವರ ಮೇಲೆ ಹಿಮವಾಗಿ ಸುರಿಯುತ್ತದೆ. ಸುರಿಯುವ ಪಟ್ಟಿ ಎಷ್ಟು ಕಿರಿದು ಅಂದ್ರೆ, ನಮ್ಮ ಬೀದಿಯಲ್ಲಿ ಕಾರು ಮುಳುಗಿರುವಾಗ ಹದಿನೈದು ಕಿಲೋಮೀಟರ್ ಆಚೆ ಬಿಸಿಲು ಇರುತ್ತದೆ. ಈರಿ ಸರೋವರ ಆಳ ಕಡಿಮೆ, ಅದು ಹೆಪ್ಪುಗಟ್ಟಿದರೆ ಆ ಕಡೆಯವರಿಗೆ ಹಿಮ ಇಳಿಮುಖ. ನಮ್ಮದು ಆಳದ ಸರೋವರ, ಪೂರ್ತಿ ಹೆಪ್ಪುಗಟ್ಟುವುದು ತುಂಬ ಅಪರೂಪ. ಹಾಗಾಗಿ ನಮಗೆ ಚಳಿಗಾಲ ಪೂರ್ತಿ ಹಿಮ. ಜಪಾನಿನ ಸಪ್ಪೊರೊ ಇದಕ್ಕೂ ಮೇಲು. ಸೈಬೀರಿಯಾದ ಗಾಳಿ ಜಪಾನ್ ಸಮುದ್ರ ದಾಟಿ ಬರುವುದರಿಂದ ವರ್ಷಕ್ಕೆ ಸುಮಾರು 5 ಮೀಟರ್ ಬೀಳುತ್ತದೆ. ಅಷ್ಟು ಹಿಮದಲ್ಲಿ ಸುಮಾರು 20 ಲಕ್ಷ ಜನ ಬದುಕು ನಡೆಸುತ್ತಾರೆ.

ಕಷ್ಟ ಹೇಳುತ್ತೇನೆ. ಮನೆ ಮುಂದಿನ ಹಿಮವನ್ನು ಒಂದು ಗಂಟೆ ತಳ್ಳಿ ಒಳಗೆ ಬಂದಿರುತ್ತೀರಿ, ಅಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಬಂದು ಗೇಟಿಗೆ ಅಡ್ಡ ಇನ್ನೊಂದು ಗೋಡೆ ಕಟ್ಟಿ ಹೋಗುತ್ತದೆ. ಕಾರಿನ ಟಯರು ಬೇರೆ ಹಾಕಿಸಬೇಕು. ಕಂಬಳಿ, ಸಲಿಕೆ, ಟಾರ್ಚ್ ಕಾರಿನಲ್ಲಿ ಯಾವಾಗಲೂ ಇರಬೇಕು. ನಮ್ಮದೇ ರಾಜ್ಯದ ಬಫಲೋ ಸುತ್ತ 2022ರ ಡಿಸೆಂಬರ್‌ನ ಹಿಮಗಾಳಿಗೆ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವರು ಸಿಕ್ಕಿಹಾಕಿಕೊಂಡದ್ದು ಕಾರಿನಲ್ಲೇ.

ಆದರೆ ನನ್ನನ್ನು ಕುಗ್ಗಿಸಿದ್ದು ಹಿಮ ಅಲ್ಲ, ಕತ್ತಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹಗಲಲ್ಲೂ ವಾರಗಟ್ಟಲೆ ಮೋಡ. ಎರಡನೇ ವರ್ಷ ಜನವರಿಯಲ್ಲಿ ನನಗೆ ಸುಮ್ನೆ ಅಳು ಬರುತ್ತಿತ್ತು. ಅಡುಗೆ ಬೇಡ, ಫೋನ್ ಬೇಡ. ಬೆಳಿಗ್ಗೆ ಅರ್ಧ ಗಂಟೆ ಪ್ರಖರ ದೀಪದ ಮುಂದೆ ಕೂರಲು ಡಾಕ್ಟರ್ ಹೇಳಿದರು, ವಿಟಮಿನ್ ಡಿ ಕೊಟ್ಟರು. ಇದು ಇಲ್ಲಿ ತುಂಬ ಜನಕ್ಕೆ ಬರುವ ತೊಂದರೆಯಂತೆ, ನನಗೆ ಮೊದಲು ಯಾರೂ ಹೇಳಿರಲಿಲ್ಲ. ನಿಮಗೆ ಅಂಥದ್ದೇನಾದರೂ ಅನ್ನಿಸಿದರೆ ನಾಚಿಕೊಳ್ಳದೆ ಡಾಕ್ಟರ ಹತ್ತಿರ ಹೋಗಿ.

ಇಷ್ಟಾದರೂ ಈಗ ಹಿಮವಿಲ್ಲದ ಡಿಸೆಂಬರ್ ನನಗೆ ಬೇಡ. ನನ್ನ ಮಗಳ ಹತ್ತಿರ ಕರಿ ಉಣ್ಣೆಯ ಕೈಗವಸು ಇದೆ. ಮೈನಸ್ 15ರ ಆಸುಪಾಸಿನಲ್ಲಿ ಗಾಳಿ ಇಲ್ಲದಾಗ ಅದನ್ನು ಚಾಚಿ ನಿಲ್ಲುತ್ತಾಳೆ. ಅದರ ಮೇಲೆ ಬಿದ್ದ ಹಿಮದ ಹರಳಿಗೆ ಆರು ಕಡ್ಡಿ, ಪ್ರತಿ ಕಡ್ಡಿಗೂ ಜರೀಗಿಡದ ಎಲೆಯಂಥ ಸಣ್ಣ ಸಣ್ಣ ಕವಲು. ಉಸಿರು ಬಿಟ್ಟರೆ ಕರಗಿಬಿಡುತ್ತದೆ ಅಂತ ಇಬ್ಬರೂ ಉಸಿರು ಹಿಡಿದು ನೋಡುತ್ತೇವೆ. ನೀವು ಕಪ್ಪು ಉಣ್ಣೆಯದೇ ತಗೊಳ್ಳಿ.

– ಗೃಹಿಣಿ, ಸಿರಾಕ್ಯೂಸ್

*

ಮಗಾ, ನಿಮ್ಮಮ್ಮ ಕೇಳಿದ್ದು ಹಿಮದ ವಿಷಯ ಅಲ್ಲ ಅಂತ ನನಗನ್ನಿಸುತ್ತದೆ. ನನ್ನ ಮಗ ದೂರದ ಊರಿಗೆ ಹೊರಟಾಗ ನಾನೂ 'ಅಲ್ಲಿ ಊಟ ಸರಿ ಇರಲ್ಲ' ಅಂದಿದ್ದೆ. ಮನಸ್ಸಿನಲ್ಲಿ ಇದ್ದದ್ದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ನಾನೊಬ್ಬಳೇ ಅನ್ನುವುದು. ಅವರ ಹತ್ತಿರ ಕೂತು ಅದನ್ನು ಮಾತಾಡು. ಚಳಿಗೆ ಮಂಡಿ ಹಿಡಿಯುತ್ತದೆ, ಜನವರಿಯಲ್ಲಿ ಕರಕೊಂಡು ಹೋಗಬೇಡ. ಯುಗಾದಿಗೆ ನೀನು ಊರಿಗೆ ಬಾ. ಹಬ್ಬ ಮುಗಿಸಿ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಬೆಟ್ಟದ ಮೇಲಿನ ಹಿಮ ತೋರಿಸು.

– ಓದುಗರೊಬ್ಬರು, ಹೊಳಲ್ಕೆರೆ

*

ಚಿತ್ರದುರ್ಗದವನಾದ ನಾನು ಶಿಮ್ಲಾದ ಮೇಲೆ ನಾರ್ಕಂಡದ ಹತ್ತಿರ ಸೇಬಿನ ಕೋಲ್ಡ್ ಸ್ಟೋರೇಜ್‌ನಲ್ಲಿ 6 ವರ್ಷ ಕೆಲಸ ಮಾಡಿದ್ದೇನೆ. ಲೆಕ್ಕದವರಿಗೆ ಲೆಕ್ಕದವನ ಸಲಹೆ ಅಂದ್ಕೊಳ್ಳಿ.

ಜಾಗ ಕೊಳ್ಳುವ ಯೋಚನೆ ಸದ್ಯಕ್ಕೆ ಬೇಡವೇ ಬೇಡ. ಹಿಮಾಚಲದಲ್ಲಿ 1972ರ ಗೇಣಿ ಮತ್ತು ಭೂಸುಧಾರಣೆ ಕಾಯ್ದೆಯ 118ನೇ ಸೆಕ್ಷನ್ ಇದೆ. ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವ ಹಾಗಿಲ್ಲ. ಇಲ್ಲಿ ನಿಮ್ಮ ಹೆಸರಿಗೆ ಪಹಣಿ ಇದ್ದರೂ ಅಲ್ಲಿ ನೀವು ಕೃಷಿಕರಲ್ಲ. ನನಗೆ ಗೊತ್ತಿದ್ದವರೊಬ್ಬರು ಸ್ಥಳೀಯರ ಹೆಸರಲ್ಲಿ ಜಾಗ ಮಾಡಿಕೊಂಡು ಕಡೆಗೆ ದುಡ್ಡೂ ಇಲ್ಲ, ಜಾಗವೂ ಇಲ್ಲ ಅನ್ನುವಂತಾದರು. ಬಾಡಿಗೆಗೆ ಇರಿ. ಮನೆ ನೋಡುವಾಗ ಎರಡು ವಿಷಯ ಕೇಳಿ, ಬಿಸಿಲು ಯಾವ ಹೊತ್ತಿಗೆ ಬೀಳುತ್ತದೆ ಮತ್ತು ನೀರಿನ ಟ್ಯಾಂಕ್ ಎಲ್ಲಿದೆ. ಉತ್ತರ ಮುಖದ ಇಳಿಜಾರಿನಲ್ಲಿ ಮನೆ ಹಿಡಿದರೆ ತಿಂಗಳುಗಟ್ಟಲೆ ಬಿಸಿಲು ಕಾಣುವುದಿಲ್ಲ.

ನಿಮ್ಮ ಕೆಲಸ ನಿಂತಿರುವುದು ಕರೆಂಟು ಮತ್ತು ಇಂಟರ್ನೆಟ್ ಮೇಲೆ. ಜೋರಾಗಿ ಹಿಮ ಬಿದ್ದರೆ ಮರ ಮುರಿದು ತಂತಿಯ ಮೇಲೆ ಬೀಳುತ್ತದೆ. ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ಹಿಂದೆಯೇ ಮೊಬೈಲ್ ಟವರ್ ಕೂಡ ಸತ್ತುಹೋಗುತ್ತದೆ. 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕುವುದು ಬಾಕಿ ಇದೆ, 19ರ ರಾತ್ರಿ ಹಿಮ ಶುರುವಾಯಿತು ಅಂದ್ರೆ ಏನು ಮಾಡುತ್ತೀರಿ? ಅದಕ್ಕೇ ಮೊದಲ ವರ್ಷ ಶಿಮ್ಲಾದಲ್ಲೇ ಇರಿ ಅನ್ನುತ್ತೇನೆ. ಊರು ಸುಮಾರು 2,200 ಮೀಟರ್ ಎತ್ತರದಲ್ಲಿದೆ, ಹಿಮ ಬೀಳುತ್ತದೆ, ಸೌಕರ್ಯವೂ ಇದೆ. ರಜೆ ಸಿಕ್ಕಾಗ ಕುಫ್ರಿಗೋ, 2,700 ಮೀಟರ್ ಎತ್ತರದ ನಾರ್ಕಂಡಕ್ಕೋ ಹತ್ತಿ. ಮನಾಲಿಯಲ್ಲಿ ನಿಮಗೆ ಮಳೆ ಸಿಕ್ಕಿದ್ದಕ್ಕೂ ಈ ಎತ್ತರವೇ ಕಾರಣ. ಆ ಪೇಟೆ ಸುಮಾರು 2,050 ಮೀಟರ್‌ನಲ್ಲಿದೆ. ಕೆಳಗೆ ಮಳೆಯಾಗುತ್ತಿರುವಾಗಲೇ ಮೇಲೆ ಹಿಮ ಬೀಳುತ್ತಿರುತ್ತದೆ. 2020ರಲ್ಲಿ ಶುರುವಾದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋಗಿದ್ದರೆ ಆ ಸಲವೂ ಬಹುಶಃ ಹಿಮ ಸಿಗುತ್ತಿತ್ತು.

ಹೋಗುವ ದಾರಿ ಸುಲಭ. ದಾವಣಗೆರೆಯಲ್ಲೇ ಸಂಪರ್ಕ ಕ್ರಾಂತಿ ರೈಲು ಹತ್ತಿ ಚಂಡೀಗಢದಲ್ಲಿ ಇಳಿಯಿರಿ. ಅಲ್ಲಿಗೆ ಹತ್ತಿರದ ಕಾಲ್ಕಾದಿಂದ ಶಿಮ್ಲಾಕ್ಕೆ 1903ರ ಪುಟಾಣಿ ರೈಲಿದೆ, 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ.

ನಿಮಗೆ ಮುಖ್ಯವಾಗಿ ಹೇಳಬೇಕಿರುವುದು ಬೇರೆ. ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆ ಚಳಿ ಸಿಗಲೇಬೇಕು, ಇಲ್ಲದಿದ್ದರೆ ವಸಂತದಲ್ಲಿ ಸರಿಯಾಗಿ ಹೂವು ಕಟ್ಟುವುದಿಲ್ಲ. ಹಿಮ ನಿಧಾನ ಕರಗಿ ಬೇರಿಗೆ ತೇವ ಕೊಡುತ್ತದೆ. ಅಲ್ಲಿನವರು ಅದನ್ನು ಬಿಳಿ ಗೊಬ್ಬರ ಅನ್ನುತ್ತಾರೆ. ನಮ್ಮ ಕಡೆ ರೋಹಿಣಿ ಮಳೆ ಬಂತಾ, ಮೃಗಶಿರ ಹೆಂಗೆ ಅಂತ ಕಟ್ಟೆ ಮೇಲೆ ಕೂತು ಮಾತಾಡುತ್ತಾರಲ್ಲ, ಹಾಗೆ ಅಲ್ಲಿ ಚಹಾದಂಗಡಿಯಲ್ಲಿ ಹಿಮದ ಮಾತು. ಎಷ್ಟು ಇಂಚು ಬಿತ್ತು, ಯಾವ ಗುಡ್ಡಕ್ಕೆ ಬಿತ್ತು, ಮುಂದಿನದು ಯಾವಾಗ. ದಾವಣಗೆರೆಯಲ್ಲಿ ನಿಮ್ಮ ಥರ್ಮಾಮೀಟರ್ ಪುಸ್ತಕ ಕೇಳುವವರು ಯಾರೂ ಇರಲಿಕ್ಕಿಲ್ಲ. ಅಲ್ಲಿ ತೋಟದವರು ಮನೆಗೇ ಬಂದು ಕೇಳುತ್ತಾರೆ.

– ಕೋಲ್ಡ್ ಸ್ಟೋರೇಜ್ ಲೆಕ್ಕಿಗರು, ಚಿತ್ರದುರ್ಗ

*

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಾನೂ ಡಿಸೆಂಬರ್‌ನಲ್ಲಿ ಜೋಗಿಮಟ್ಟಿ ಬೆಟ್ಟಕ್ಕೆ ಬೆಳಕು ಹರಿಯುವ ಮುಂಚೆ ಹೋಗಿ, ಆ ಗಾಳಿಯಲ್ಲಿ ಕಿವಿ ಮರಗಟ್ಟುವವರೆಗೂ ನಿಲ್ಲುವವನು. ಹಾಗಾಗಿ ನಿಮ್ಮ ಪತ್ರ ನನ್ನದೇ ಅನ್ನಿಸಿತು.

ಊರು ಆರಿಸುವಾಗ ಲೇಹ್ ಬೇಡ. ಚಳಿ ಭಯಂಕರ, ಆದರೆ ಅದು ಬೆಟ್ಟದ ಮರೆಯಲ್ಲಿದೆ. ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ನೀರು. ನಮ್ಮ ಚಳ್ಳಕೆರೆಗೆ ಬೀಳುವ ಮಳೆ ಅದಕ್ಕಿಂತ ಎಷ್ಟೋ ಜಾಸ್ತಿ. ಗುಲ್‌ಮರ್ಗ್, ಶಿಮ್ಲಾ ಕಡೆಯ ಹಿಮ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ ಮಳೆ-ಹಿಮ ತರುವ ಮಾರುತಗಳದ್ದು. ಅವು ಕೈಕೊಟ್ಟರೆ ಹಿಮವೂ ಇಲ್ಲ. 2024ರ ಜನವರಿಯಲ್ಲಿ ಗುಲ್‌ಮರ್ಗ್‌ನ ಇಳಿಜಾರು ಬಹುಪಾಲು ಬೋಳಾಗಿತ್ತು, ತಿಂಗಳ ಕೊನೆಗೆ ಹಿಮ ಬಂತು. ನೀವು ಹೋದ ವರ್ಷವೇ ಹಾಗಾದರೆ ಬೇಸರ ಮಾಡಿಕೊಂಡು ಗಂಟುಮೂಟೆ ಕಟ್ಟಬೇಡಿ. ನಮ್ಮ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅವತ್ತು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋದ ಜನರಲ್ಲಿ ನಾನೂ ಒಬ್ಬ.

ಹೋಗುವಾಗ ಬಿಳಿ ಬಣ್ಣ ಬಳಿದ ಮರದ ಹಲಗೆ, ಒಂದು ಉದ್ದ ಸ್ಕೇಲ್ ಒಯ್ಯಿರಿ. ಹಲಗೆಯನ್ನು ಗಾಳಿ ಕಡಿಮೆ ಇರುವ ಬಯಲಲ್ಲಿ ಇಟ್ಟು, ದಿನಾ ಒಂದೇ ಹೊತ್ತಿಗೆ ಹಿಮದ ಆಳ ಅಳೆದು, ಗುಡಿಸಿ, ಹೊಸ ಹಿಮದ ಮೇಲೆ ಮತ್ತೆ ಇಡಿ. ಮೈನಸ್ ಡಿಗ್ರಿ ತೋರಿಸುವ ಥರ್ಮಾಮೀಟರ್ ಬೇರೆ ಕೊಳ್ಳಿ. ಟೆರೇಸ್‌ನಲ್ಲಿರುವುದನ್ನು ಬಿಚ್ಚಬೇಡಿ. 9 ವರ್ಷದ ಲೆಕ್ಕ ಮಧ್ಯದಲ್ಲಿ ನಿಲ್ಲಬಾರದು. ಅಮ್ಮನಿಗೆ ಅದನ್ನು ಓದುವುದು ಹೇಳಿಕೊಡಿ. ಬೆಳಿಗ್ಗೆ 6ಕ್ಕೆ ಅವರು ಇಲ್ಲಿಯ ಡಿಗ್ರಿ ಹೇಳಲಿ, ನೀವು ಅಲ್ಲಿಯದು ಹೇಳಿ. ಪುಸ್ತಕದಲ್ಲಿ ಎರಡು ಕಾಲಂ ಹಾಕಿಕೊಳ್ಳಿ.

– ವಿಜ್ಞಾನ ಶಿಕ್ಷಕ, ಚಿತ್ರದುರ್ಗ