ಪೊರೆ ಬಿಡೋ ಜೀರುಂಡೆ ಫೋಟೋದಲ್ಲಿ ಅಡ್ಡಪಟ್ಟೆ, ಯಾರಾದ್ರೂ ಹೇಳ್ರಪ್ಪ

ತೋಟದಮನೆ: ಮೂರು ರಾತ್ರಿ ಹಾಳಾಯ್ತು. ತೀರ್ಥಹಳ್ಳಿ ಕಡೆ ನಮ್ಮೂರು. ಮೊದಲ ಮಳೆ ಬಿದ್ದಿದ್ದೇ ತಡ, ಹಲಸಿನ ಬುಡದಲ್ಲಿ ಜೀರುಂಡೆ ಮರಿಗಳು ಮಣ್ಣಿಂದೆದ್ದು ಮರ ಹತ್ತುತ್ತಿವೆ. ಬೆನ್ನು ಬಿರಿದು, ತಿಳಿಹಸಿರು ಮೈ ಹಿಂದಕ್ಕೆ ಜೋತು ಬೀಳೋ ಹೊತ್ತಿಗೆ ಸರಿಯಾಗಿ ಪ್ರತಿ ಫೋಟೋದಲ್ಲೂ ಅಡ್ಡಡ್ಡ ಮಬ್ಬು ಪಟ್ಟೆ! ಹತ್ತಿರದ ಫೋಟೋಗೆ ಅಂತ ಇರೋ 90 ಎಂಎಂ ಮ್ಯಾಕ್ರೋ ಲೆನ್ಸ್, ಅಪರ್ಚರ್ ಎಫ್ 8. ಲೆನ್ಸ್ ಹೋಯ್ತಾ?

ಮ್ಯಾಕ್ರೋಮಾವ: ಫ್ಲ್ಯಾಷ್ ಸಿಂಕ್, ಅಂದ್ರೆ ಫ್ಲ್ಯಾಷೂ ಶಟರೂ ಹೊಂದೋದು, ತಪ್ಪಿದೆ. ಶಟರ್ ವೇಗ 1/200 ಸೆಕೆಂಡ್ ದಾಟಿದೀರ, ಶಟರ್ ಪರದೆ ಅಡ್ಡ ಬರ್ತಿದೆ.

ತೋಟದಮನೆ: 1/125ರಲ್ಲೇ ಇದೀನಿ.

ಮ್ಯಾಕ್ರೋಮಾವ: ಹಾಗಾದ್ರೆ ಫ್ಲ್ಯಾಷಿಗೆ ಸನ್ನೆ ಕೊಡೋ ಟ್ರಿಗರ್ ತಡ ಮಾಡ್ತಿದೆ. 1/60 ಇಡಿ, ಸೆಲ್ ಬದಲಿಸಿ.

ಬಯಲುಸೀಮೆ: ಜೀರುಂಡೆ ಅಂದ್ರೆ ಬೀಟಲ್ ಅಲ್ವಾ? ನೀವು ಹೇಳ್ತಿರೋದು ಸಿಕಾಡ.

ಕಾಡುದಾರಿ: ಮಲೆನಾಡಲ್ಲಿ ಕಿವಿ ಹರಿಯೋ ಹಾಗೆ ಕೂಗೋದು ಜೀರುಂಡೆನೇ ಸ್ವಾಮಿ. ಬೀಟಲ್‌ಗೆ ಕಚ್ಚೋ ದವಡೆ, ಇದಕ್ಕೆ ಮರದ ರಸ ಹೀರೋ ಕೊಳವೆ ಮೂತಿ. ತಿಗಣೆ ಕಡೆ ನೆಂಟಸ್ತನ.

ಬಯಲುಸೀಮೆ: ನಮ್ಮ ಶಾಲೆ ಪುಸ್ತಕದಲ್ಲಿ ಹಾಗಿರಲಿಲ್ಲ.

ಮ್ಯಾಕ್ರೋಮಾವ: ಅದಿರ್ಲಿ. 1/60 ಏನಾಯ್ತು?

ತೋಟದಮನೆ: ಪಟ್ಟೆ ತೆಳುವಾಯ್ತು, ಹೋಗ್ಲಿಲ್ಲ. ಅಂದಹಾಗೆ ನನ್ನ ಹತ್ರ ಫ್ಲ್ಯಾಷೇ ಇಲ್ಲ. ಎಲ್‌ಇಡಿ ಹೆಡ್‌ಟಾರ್ಚ್, ಅದೂ ಸಣ್ಣಗೆ ಇಟ್ಕೊಂಡು.

ಮ್ಯಾಕ್ರೋಮಾವ: ಇದನ್ನ ಈಗ ಹೇಳ್ತೀರಲ್ಲ ಮಾರಾಯ್ರೆ!!

ಕಾಡುದಾರಿ: ಶಟರ್ ಯಾವುದರಲ್ಲಿದೆ?

ತೋಟದಮನೆ: ಸೈಲೆಂಟ್, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್. ಇಲ್ದಿದ್ರೆ ಬೆದರುತ್ತಲ್ಲ.

ಕಾಡುದಾರಿ: ಸಿಕ್ತು ಕಳ್ಳ. ಬೆಳಕು ಸಣ್ಣ ಮಾಡಿದ್ರೆ ಎಷ್ಟೋ ಟಾರ್ಚ್‌ಗಳು ನಿಜಕ್ಕೂ ಸಣ್ಣಗೆ ಉರಿಯಲ್ಲ, ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತವೆ. ಸೈಲೆಂಟ್‌ನಲ್ಲಿ ಸೆನ್ಸರ್ ಸಾಲುಸಾಲಾಗಿ ಓದುತ್ತೆ. ಕಡಿಮೆ ಬೆಳಕು ಸಿಕ್ಕ ಸಾಲು ಮಂಕು. ಮೆಕ್ಯಾನಿಕಲ್ ಶಟರ್‌ಗೆ ಹಾಕಿ. ಟಾರ್ಚ್ ಪೂರ್ತಿ ಏರಿಸಿ, ಮುಂದೆ ಬಿಳಿ ಪಂಚೆ ತುಂಡು ಕಟ್ಟಿ. ಬೆದರೋ ಚಿಂತೆ ಬಿಡಿ, ಅರ್ಧ ಪೊರೆಯಲ್ಲಿರೋದು ಎಲ್ಲಿಗೆ ಓಡುತ್ತೆ? ಫ್ರಾನ್ಸಿನ ಕೀಟತಜ್ಞ ಫಾಬ್ರ್ ಮರದ ಕೆಳಗೆ ಫಿರಂಗಿ ಹೊಡೆಸಿದ್ರೂ ಮೇಲಿದ್ದ ಜೀರುಂಡೆಗಳು ಹಾಡು ನಿಲ್ಲಿಸಿರಲಿಲ್ಲ.

ಬಯಲುಸೀಮೆ: ಅಂದ್ರೆ ಕಿವುಡು?

ಕಾಡುದಾರಿ: ಅವನೂ ಹಾಗೇ ಅಂದ್ಕೊಂಡ, ತಪ್ಪು. ಹೊಟ್ಟೆ ಬುಡದಲ್ಲಿ ಕಿವಿ ಇದೆ. ಹಗಲು ಕೂಗೋದರ ಹತ್ರ ಹೋಗಿ ನೋಡಿ, ನಿಮ್ಮ ನೆರಳು ಅಲ್ಲಾಡಿದ್ರೆ ಸಾಕು ಗಪ್‌ಚುಪ್.

ಮ್ಯಾಕ್ರೋಮಾವ: ಅದಕ್ಕೇ ನಾನು ಎರಡು ಫ್ಲ್ಯಾಷ್, ಚಿಪ್ಸ್ ಡಬ್ಬ ಕತ್ತರಿಸಿ ಮಾಡಿದ, ಬೆಳಕು ಹರಡೋ ಡಿಫ್ಯೂಸರ್. ಆಗುಂಬೆಯಲ್ಲಿ ಹಣೆ ಮೇಲಿನ ಮೂರು ಚಿಕ್ಕ ಕಣ್ಣೂ ಚೊಕ್ಕ ಬಂದಿವೆ. ಒಟ್ಟು ಖರ್ಚು ಕೇಳಬೇಡಿ, ಮನೆಯವರು ಇದನ್ನ ಓದ್ತಾರೆ.

ತೋಟದಮನೆ: ಮೆಕ್ಯಾನಿಕಲ್ ಹಾಕಿ, ಖಾಲಿ ಪೊರೆ ಮೇಲೆ ಹೊಡೆದು ನೋಡಿದೆ. ಪಟ್ಟೆ ಇಲ್ಲ! ಬೆನ್ನ ಸೀಳಲ್ಲಿ ನೇತಾಡೋ ಬಿಳಿ ಎಳೆಗಳೂ ಕಾಣ್ತಿವೆ. ಆದ್ರೆ ಇವತ್ತು ಮರ ಹತ್ತಿದ್ದು ಒಂದೇ. ಅದನ್ನೂ ಇರುವೆ ಸಾಲು ಮುತ್ತಿಕೊಂಡ್ವು.

ಮ್ಯಾಕ್ರೋಮಾವ: ಸಿಂಕ್ ಒಂದ್ಸಲ ನೋಡ್ಕೊಳ್ಳೋದು ಒಳ್ಳೇದೇ.

ಬಯಲುಸೀಮೆ: ಆ ಚಿಪ್ಸ್ ಡಬ್ಬದ ಅಳತೆ ಹಾಕ್ತೀರಾ?