450 ಮೋಟೋಕ್ರಾಸ್ ಗಾಡಿ ಹೊಸ ಹುಡುಗನ ಕೈಗೆ: ಇಂಜಿನ್ ಹೊಡೆತ ಹೆಂಗ ಕಡಿಮಿ ಮಾಡ್ಬೇಕು?

ಫರ್ಶಿ_ಕಲಬುರಗಿ:
ಸೆಕೆಂಡ್‌ಹ್ಯಾಂಡ್ 450 ಸಿಸಿ ಫೋರ್‌ಸ್ಟ್ರೋಕ್ ಮೋಟೋಕ್ರಾಸ್ ಗಾಡಿ ಅದ. ಫ್ಯುಯಲ್ ಇಂಜೆಕ್ಷನ್, ಚೈನ್ ಕೂಡೋ ಹಲ್ಲಿನ ಚಕ್ರ (ಸ್ಪ್ರಾಕೆಟ್) ಮುಂದ 13 ಹಲ್ಲು, ಹಿಂದ 49, ಚೈನ್ 114 ಲಿಂಕ್. ಹ್ಯಾಂಡಲ್ ಮ್ಯಾಲೆ ಇಂಜಿನ್ ಮೆತ್ತಗ ಇಲ್ಲಾ ಚೂಪ ಮಾಡೋ ಮ್ಯಾಪ್ ಸ್ವಿಚ್ ಅದ. ಮೊದಲಿನ ಮಾಲಕರು ಓಪನ್ ಸೈಲೆನ್ಸರ್ ಹಾಕಿಸ್ಯಾರ, ಕಂಪನಿದೂ ಜೋಡಿ ಕೊಟ್ಟಾರ. ಓಡಿಸೋನು ನನ್ನ ತಮ್ಮ, ತೂಕ 62 ಕೆಜಿ, ಇಷ್ಟು ದಿನ ಎಕ್ಸ್‌ಪಲ್ಸ್ 200 ಓಡಿಸ್ಯಾನ. ರೇಸ್, ಜಂಪ್ ಏನೂ ಇಲ್ಲ. ಶಹಾಬಾದ್ ಕಡಿ ಹಳೇ ಖಣಿ ದಾರಿ, ಬೀದರ್ ಕಡಿ ಮೊರಂ ಗುಡ್ಡ, ಇಷ್ಟೇ. ಒಂದನೇ ಗೇರಿನಾಗ ನಿಧಾನ ಹೊಂಟ್ರ ಬಂದ್ ಬೀಳ್ತದ, ಜರಾ ರೇಸ್ ಕೊಟ್ರ ಹಿಂದಿನ ಗಾಲಿ ತಿರುಗಿ ಗಾಡಿ ಅಡ್ಡ ಹೋಗ್ತದ. ಒಬ್ಬ ಮಿಸ್ತ್ರಿ ಹಿಂದ ಸಣ್ಣ ಸ್ಪ್ರಾಕೆಟ್ ಹಾಕ್ರಿ ಅಂತಾನ, ಇನ್ನೊಬ್ಬ ದೊಡ್ಡದು ಅಂತಾನ. ಯಾರ ಮಾತು ಕೇಳ್ಬೇಕು?

ಮ್ಯಾಗ್ನೆಟ್_ಪುಲ್ಲರ್:
ಇಬ್ಬರದೂ ಅರ್ಧ ಅರ್ಧ ಖರೆ. ಹಿಂದ ಸಣ್ಣದು ಹಾಕಿದ್ರ ಹೊಡೆತ ಮೆತ್ತಗಾಗ್ತದ, ಆದ್ರ ಒಂದನೇ ಗೇರು ಇನ್ನೂ ಉದ್ದ ಆಗ್ತದ. ನಡಿಗಿ ವೇಗದಾಗ ಕ್ಲಚ್ ಹಿಡಕೊಂಡೇ ಹೋಗ್ಬೇಕು, ಬಂದ್ ಬೀಳೋದು ಹೆಚ್ಚು. ದೊಡ್ಡದು ಹಾಕಿದ್ರ ಒಂದನೇ ಗೇರಿನಾಗ ಹೊಡೆತ ಚೂಪಾಗ್ತದ, ಖರೆ. ಆದ್ರ ಕ್ಲಚ್ ಪೂರಾ ಬಿಟ್ಟು ಎರಡನೇ ಗೇರಿನಾಗ ನಿಧಾನ ಹೋಗ್ಲಿಕ್ಕೆ ಬರ್ತದ. ಹೊಸಬರಿಗೆ ಬೇಕಾದ್ದು ಅದೇ.

ಈಗ 49 ಭಾಗ 13, ಅಂದ್ರ 3.77. ಹಿಂದ 52 ಹಾಕಿದ್ರ 4.00. ಮುಂದ 12 ಹಾಕಿದ್ರೂ 4.08 ಆಗ್ತದ, ಸೋವಿನೂ ಹೌದು, ಆದ್ರ ಸಣ್ಣ ಸ್ಪ್ರಾಕೆಟ್ ಮ್ಯಾಲೆ ಚೈನ್ ಬಿಗಿ ತಿರುಗ್ತದ, ಸ್ವಿಂಗ್‌ಆರ್ಮ್ ಮ್ಯಾಲಿನ ರಬ್ಬರ್ ಸ್ಲೈಡರ್ ಲಗೂ ತಿಂತದ. 52 ಹಾಕ್ರಿ. 520 ಅಳತಿ ಚೈನಿಗೆ ಹಿಂದ ಒಂದು ಹಲ್ಲು ಹೆಚ್ಚಾದ್ರ ಗಾಲಿ ಸುಮಾರು 4 ಮಿಮೀ ಮುಂದ ಬರ್ತದ, ಮೂರು ಹಲ್ಲಿಗೆ 12 ಮಿಮೀ. ಅಡ್ಜಸ್ಟರ್‌ನಾಗ ಅಷ್ಟು ಜಾಗ ಇಲ್ಲಂದ್ರ 116 ಲಿಂಕಿನ ಚೈನ್ ತರ್ರಿ. ಚೈನ್ ಗೈಡಿಗೆ ಹಲ್ಲು ತಾಗ್ತದೇನು ಕೈಲೆ ಗಾಲಿ ತಿರುಗಿಸಿ ನೋಡ್ರಿ.

ಇದಕ್ಕಿಂತ ಮೊದಲು ಫುಕಟ್ ಕೆಲಸ ಮುಗಿಸ್ರಿ. ಓಪನ್ ಸೈಲೆನ್ಸರ್ ತಗದು ಕಂಪನಿದು ಹಾಕ್ರಿ. ಓಪನ್ ಪೈಪಿಗೆ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಮ್ಯಾಪ್ ಬದಲು ಮಾಡಿಸಿದ್ರ ಅದನ್ನೂ ಸ್ಟಾಕ್‌ಗೆ ತರ್ಬೇಕು, ಇಲ್ಲಂದ್ರ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕರ್ರಗಾಗ್ತದ. ಸ್ವಿಚ್ ಮೆತ್ತನ ಮ್ಯಾಪಿಗೆ ಇಡ್ರಿ. ಐಡಲ್ ಮ್ಯಾನ್ಯುಅಲ್ ಹೇಳಿದ್ದಕ್ಕಿಂತ 100–150 ಆರ್‌ಪಿಎಂ ಏರಿಸ್ರಿ. ಬಂದ್ ಬೀಳೋದೂ ಕಡಿಮಿ, ಇಳಿಜಾರಿನಾಗ ರೇಸ್ ಬಿಟ್ಟ ಕೂಡ್ಲೆ ಹಿಂದಿನ ಗಾಲಿ ಜಗ್ಗಿ ಹಿಡಿಯೋದೂ ಕಡಿಮಿ.

ಮತ್ತ ಒಂದು. ರೇಸ್ ಕೇಬಲ್ ಸಡಿಲ ಬಿಟ್ರ ಮೆತ್ತಗಾಗ್ತದ ಅಂತ ಬಹಳ ಮಂದಿ ತಿಳ್ಕೊಂಡಾರ. ಉಲ್ಟಾ. ಮೊದಲ 10 ಮಿಮೀ ಖಾಲಿ ತಿರುಗಿ ಆಮ್ಯಾಲೆ ಒಮ್ಮೆಲೆ ಎಳೀತದ, ಗಾಡಿ ಜಿಗೀತದ. ಗ್ರಿಪ್ ಅಂಚಿಗೂ ಪಕ್ಕದ ಹೌಸಿಂಗಿಗೂ ಸೇರಿಸಿ ಚಾಕ್‌ಪೀಸಿನಿಂದ ಒಂದು ಗೆರಿ ಎಳೀರಿ, ಹಗೂರ ತಿರುಗಿಸ್ರಿ. ಎರಡು ಗೆರಿ ನಡುವ 3ರಿಂದ 5 ಮಿಮೀ ಆದಾಗ ಕೇಬಲ್ ಬಿಗಿ ಹಿಡಿಬೇಕು. ಆಮ್ಯಾಲೆ ಇಂಜಿನ್ ಚಾಲೂ ಇಟ್ಟು ಹ್ಯಾಂಡಲ್ ಆ ಕೊನಿಯಿಂದ ಈ ಕೊನಿಗೆ ತಿರುಗಿಸ್ರಿ. ರೇಸ್ ತಾನೇ ಏರಿದ್ರ ಕೇಬಲ್ ಎಲ್ಲ್ಯೋ ಸಿಕ್ಕಾದ. ಇಷ್ಟು ಆದ ಮ್ಯಾಲೂ ಚೂಪ ಅನಿಸಿದ್ರ ಥ್ರಾಟಲ್ ಟ್ಯೂಬಿನ ಕ್ಯಾಮ್ ಬದಲು ಮಾಡ್ರಿ. ಮೊದಲ ಕಾಲು ಭಾಗ ನಿಧಾನ ತೆರೆಯೋ ಕ್ಯಾಮ್ ಸಿಗ್ತಾವ.

ಬೀದರ್_ಮೊರಂ:
ಬಂದ್ ಬೀಳೋದಕ್ಕ ಅಸಲಿ ಔಷಧ ಎರಡು: ಆಟೋ ಕ್ಲಚ್ (ಐಡಲ್‌ಗೆ ಬಂದ್ರ ತಾನೇ ಬಿಡ್ತದ, ರೇಸ್ ಕೊಟ್ರ ತಾನೇ ಹಿಡೀತದ), ಇಲ್ಲಾ ಭಾರದ ಫ್ಲೈವೀಲ್ (ಕ್ರ್ಯಾಂಕ್ ತುದಿಗೆ ಇರೋ ಮ್ಯಾಗ್ನೆಟ್ ಚಕ್ರ).

ಫೋರ್‌ಸ್ಟ್ರೋಕ್‌ನಾಗ ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರ ಒಂದೇ ಸಲ ಬೆಂಕಿ. ನಡುವಿನ ಹೊತ್ತು ಫ್ಲೈವೀಲ್ ದೂಡ್ಕೊಂಡು ಹೋಗ್ಬೇಕು. ಮೋಟೋಕ್ರಾಸ್ ಗಾಡಿಗೆ ಅದನ್ನ ಬೇಕಂತಲೇ ಹಗೂರ ಮಾಡಿರ್ತಾರ, ರೇಸ್ ಲಗೂ ಏರ್ಲಿ ಅಂತ. 250 ಗ್ರಾಂ ಸೇರಿಸಿದ್ರ ಏರೋದೂ ನಿಧಾನ, ಇಳಿಯೋದೂ ನಿಧಾನ. ಮ್ಯಾಲಿನ ಪವರ್ ಹೋಗಂಗಿಲ್ಲ. ಆದ್ರ ಮ್ಯಾಗ್ನೆಟ್ ತೆಗಿಲಿಕ್ಕೆ ಆ ಗಾಡಿದೇ ಪುಲ್ಲರ್ ಬೇಕು. ಸುತ್ತಿಗಿಲೆ ಬಡಿಯೋ ಮಿಸ್ತ್ರಿ ಕೈಗೆ ಕೊಡಬ್ಯಾಡ್ರಿ, ಒಳಗಿನ ಅಯಸ್ಕಾಂತ ಕಿತ್ತು ಬರ್ತಾವ, ಕ್ರ್ಯಾಂಕ್ ವಾರಿ ಆಗ್ತದ. ಕೂಡಿಸೋ ಮುಂದ ಟೇಪರ್ (ಕ್ರ್ಯಾಂಕಿನ ಮೊನಚು ತುದಿ, ಅದು ಕೂಡೋ ತೂತು) ಎರಡೂ ಕಡಿ ಎಣ್ಣಿ ಇಲ್ದಂಗ ಒರೆಸಿ, ನಟ್ ಟಾರ್ಕ್ ಪಾನಾದಿಂದ ಮ್ಯಾನ್ಯುಅಲ್ ಅಳತಿಗೇ ಬಿಗೀರಿ. ಸಡಿಲ ಉಳಿದ್ರ ಫ್ಲೈವೀಲ್ ಸರಿ ಜಾಗದಾಗ ಕೂಡಿಸೋ ಸಣ್ಣ ವುಡ್ರಫ್ ಕೀ ಕತ್ತರಿಸಿ ಟೈಮಿಂಗ್ ಹೋಗ್ತದ.

ಆಟೋ ಕ್ಲಚ್ ತುಟ್ಟಿ, ರೆಕ್ಲೂಸ್ ಅಂಥಾ ಕಂಪನಿವು ಹೊರಗಿಂದ ತರಿಸ್ಬೇಕು. ಆದ್ರ ಹುಡುಗ ಮೊದಲ ದಿನದಿಂದ ಬಂದ್ ಬೀಳಿಸಂಗಿಲ್ಲ. ಇದಕ್ಕ ದಿನಾ ಒಂದು ತಪಾಸಣಿ ಅದ. ಇಂಜಿನ್ 2–3 ನಿಮಿಷ ಬಿಸಿ ಮಾಡಿ, ನ್ಯೂಟ್ರಲ್‌ನಾಗ ಇಟ್ಟು, ಕ್ಲಚ್ ಲಿವರಿಗೆ ರಬ್ಬರ್ ಬ್ಯಾಂಡ್ ಹಾಕಿ ಜರಾ ಒಳಗ ಎಳೆದಂಗ ಇಡ್ರಿ. ಜೋರ್ ರೇಸ್ ಕೊಟ್ಟಾಗ ಲಿವರಿನ ತುದಿ ತಾನಾಗೇ ಸುಮಾರು 3 ಮಿಮೀ ಇನ್ನೂ ಒಳಗ ಹೋಗ್ಬೇಕು. ಹೋಗ್ಲಿಲ್ಲಂದ್ರ ಪ್ಲೇಟ್ ಜಾರಿ ಸುಡ್ತಾವ. ಎರಡು ಮಾತು ತಮ್ಮಗ ಮೊದಲೇ ಹೇಳ್ರಿ: ಗೇರಿನಾಗ ಇದ್ದು ನಿಂತಾಗ ಗ್ರಿಪ್ ಮುಟ್ಟಿದ್ರ ಗಾಡಿ ಹಾರ್ತದ. ಬಂದ್ ಮಾಡಿದ್ರ ಗೇರ್ ಹಿಡಿಯಂಗಿಲ್ಲ, ಇಳಿಜಾರಿನಾಗ ಉರುಳ್ತದ. ದೂಡಿ ಸ್ಟಾರ್ಟ್ ಮಾಡೋದೂ ಇಲ್ಲ.

ಎರಡರಾಗ ಒಂದು ಅಂದ್ರ ನನ್ನ ಮತ ಫ್ಲೈವೀಲ್. ಕ್ಲಚ್ ಮ್ಯಾಲಿನ ಬೆರಳು ಪಳಗ್ತದ.

ಸ್ಯಾಗ್_ಟೇಪ್:
ಗಾಲಿ ಜಾರೋದು ಬರೇ ಇಂಜಿನ್ ತಪ್ಪಲ್ಲ. 450 ಗಾಡಿ ಸ್ಪ್ರಿಂಗ್ 75–85 ಕೆಜಿ ರೇಸರ್‌ಗೆ ಹಾಕಿರ್ತಾರ. 62 ಕೆಜಿಗೆ ಅದು ಗಟ್ಟಿ, ಮೊರಂ ಹರಳಿನ ಮ್ಯಾಲೆ ಗಾಲಿ ಪುಟೀತದ, ಹಿಡಿತ ಎಲ್ಲಿಂದ ಬರ್ಬೇಕು?

ಗಾಡಿ ಸ್ಟ್ಯಾಂಡ್ ಮ್ಯಾಲೆ ಇಟ್ಟು ಹಿಂದಿನ ಆ್ಯಕ್ಸಲ್‌ನಿಂದ ಮಡ್ಗಾರ್ಡ್ ಮ್ಯಾಲಿನ ಒಂದು ಗುರುತಿನ ತನಕ ಅಳೀರಿ. ಆಮ್ಯಾಲೆ ಗಾಡಿ ನೆಲಕ್ಕ ಇಳಿಸಿ, ತಮ್ಮ ಬೂಟು, ಹೆಲ್ಮೆಟ್ ಹಾಕಿ ಪೆಡಲ್ ಮ್ಯಾಲೆ ನಿಲ್ಲಲಿ, ಮತ್ತ ಅಳೀರಿ. ಈ ಫರಕ್ಕಿಗೆ ಸ್ಯಾಗ್ ಅಂತಾರ. ಅದು 100–105 ಮಿಮೀ ಬರೋ ತನಕ ಶಾಕಪ್ ರಿಂಗ್ ತಿರುಗಿಸ್ರಿ. ಈಗ ಅವನನ್ನ ಇಳಿಸಿ ಗಾಡಿ ತನ್ನ ತೂಕಕ್ಕೇ ಎಷ್ಟು ಕೂಡ್ತದ ನೋಡ್ರಿ: 30–40 ಮಿಮೀ ಇರ್ಬೇಕು. 50 ದಾಟಿದ್ರ ಸ್ಪ್ರಿಂಗ್ ಗಟ್ಟಿ, ಮೆತ್ತನ ಸ್ಪ್ರಿಂಗ್ ಬೇಕು. ಕ್ಲಿಕ್ಕರ್ (ಶಾಕಪ್, ಫೋರ್ಕ್ ಬಿಗಿ-ಸಡಿಲ ಮಾಡೋ ಸ್ಕ್ರೂ) ಮುಟ್ಟೋ ಮೊದಲು ಪೂರಾ ಒಳಗ ತಿರುಗಿಸಿ ಎಷ್ಟು ಕ್ಲಿಕ್ ಇದ್ದವು ಬರ್ಕೋರಿ, ಮತ್ತ ಅಷ್ಟೇ ವಾಪಸ್ ತರ್ರಿ. ಅಲ್ಲಿಂದ ಕಂಪ್ರೆಶನ್ (ಕೆಳಗ ಕೂಡೋ ವೇಗ) ಮುಂದ ಹಿಂದ ಮೂರು ಮೂರು ಕ್ಲಿಕ್ ಹೊರಗ ಬಿಡ್ರಿ. ರಿಬೌಂಡ್ (ವಾಪಸ್ ಏಳೋ ವೇಗ) ಸದ್ಯಕ್ಕ ಬ್ಯಾಡ.

ಗಾಳಿ: ಮೊರಂ ಮ್ಯಾಲೆ 12–13 ಪಿಎಸ್ಐ. ಶಹಾಬಾದ್ ಫರ್ಶಿ ಅಂಚು ಚಾಕು ಇದ್ದಂಗ, ಅಲ್ಲಿ 15, ದಪ್ಪ ಟ್ಯೂಬ್. ರಿಮ್ ಲಾಕ್ (ಟೈರನ್ನ ರಿಮ್ಮಿಗೆ ಒತ್ತಿ ಹಿಡಿಯೋ ಕ್ಲ್ಯಾಂಪ್) ಇಲ್ದ ಇಷ್ಟು ಕಡಿಮಿ ಇಡಬ್ಯಾಡ್ರಿ, ಟೈರ್ ರಿಮ್ ಮ್ಯಾಲೆ ಜಾರಿ ವಾಲ್ವ್ ಹರೀತದ. ವಾಲ್ವ್ ನಟ್ ರಿಮ್ಮಿಗೆ ಬಿಗೀಬ್ಯಾಡ್ರಿ, ಕ್ಯಾಪಿಗೆ ತಾಗಿಸಿ ಬಿಡ್ರಿ. ವಾಲ್ವ್ ವಾಲಿದ್ದು ಕಂಡ್ರ ಟೈರ್ ಜಾರಲಿಕ್ಕತ್ಯದ ಅಂತ ಗೊತ್ತಾಗ್ತದ.

ಫರ್ಶಿ_ಕಲಬುರಗಿ:
ಸೈಲೆನ್ಸರ್, ಕೇಬಲ್, ಸ್ಯಾಗ್ ಈ ವಾರ. 52 ಸ್ಪ್ರಾಕೆಟ್, ಚೈನ್ ಆರ್ಡರ್ ಮಾಡ್ತೀನ್ರಿ. ಬ್ಯಾಸಿಗಿನಾಗ ಬಿಸಿ ಆಗೋದಕ್ಕ ಏನು?

ಮ್ಯಾಗ್ನೆಟ್_ಪುಲ್ಲರ್:
ಇವಕ್ಕ ಬಹಳಷ್ಟಕ್ಕ ಫ್ಯಾನ್ ಇರಂಗಿಲ್ಲ, ಗಾಳಿ ಬರ್ಬೇಕಂದ್ರ ಓಡ್ತಿರ್ಬೇಕು. 42 ಡಿಗ್ರಿ ಬಿಸಲಾಗ ನಡಿಗಿ ವೇಗದಾಗ ಹೋದ್ರ ಕೂಲಂಟ್ ಕುದ್ದು ಓವರ್‌ಫ್ಲೋ ಪೈಪಿನಿಂದ ಹೊರಗ ಚೆಲ್ತದ. 1.8 ಬಾರ್ ರೇಡಿಯೇಟರ್ ಕ್ಯಾಪ್ ಹಾಕ್ರಿ, ಪೈಪಿನ ತುದಿಗೆ ಸಣ್ಣ ಬಾಟ್ಲಿ ಕಟ್ರಿ. ಬೆಳಿಗ್ಗಿ ಒಂಬತ್ತರೊಳಗ ಮುಗಿಸ್ರಿ. ಕ್ಲಚ್ ಜಾರಿಸಿ ಓಡಿಸಿದ್ರ ಆಯಿಲ್ ಲಗೂ ಕೆಡ್ತದ. ಆಯಿಲ್‌ನಾಗ ಮುಳುಗಿರೋ ಕ್ಲಚ್ಚಿಗೆ ಹೊಂದೋ ಜಾಸೋ ಎಂಎ2 ದರ್ಜಿ ಆಯಿಲ್ ಹಾಕಿ, ಐದಾರು ತಾಸಿಗೊಮ್ಮೆ ಬದಲಿಸ್ರಿ.

ಮಳಿ ಬಿದ್ದ ಎರಿ ಹೊಲದಾಗ ಇಳಿಸಲೇಬ್ಯಾಡ್ರಿ. ಎರಿ ಮಣ್ಣು ಸ್ವಿಂಗ್‌ಆರ್ಮಿಗೂ ಟೈರಿಗೂ ನಡುವ ಸಿಮೆಂಟ್ ಆದಂಗ ಆಗಿ ಗಾಲಿನೇ ತಿರುಗಂಗಿಲ್ಲ, ಕ್ಲಚ್ ಅಲ್ಲೇ ಸುಡ್ತದ. ಚಿಂಚೋಳಿ ಗುಡ್ಡದ ಕಡಿ ವನ್ಯಜೀವಿ ಧಾಮ ಅದ, ಅಲ್ಲಿ ಒಯ್ಯಬ್ಯಾಡ್ರಿ. ಪಾಸಿಂಗ್ ಇಲ್ಲದ ಗಾಡಿ ರೋಡಿಗೂ ಇಳಿಸಂಗಿಲ್ಲ, ಖಣಿ ತನಕ ಟಾಟಾ ಏಸ್‌ನಾಗ ಹಾಕ್ಕೊಂಡು ಹೋಗ್ರಿ. ಕಟ್ಟೋ ಮುಂದ ಮುಂದಿನ ಫೋರ್ಕ್ ಪೂರಾ ಒತ್ತಿ ಕಟ್ಟಬ್ಯಾಡ್ರಿ, ಆಯಿಲ್ ಸೀಲ್ ಹೋಗ್ತಾವ. ಟೈರಿಗೂ ಮಡ್ಗಾರ್ಡಿಗೂ ನಡುವ ಒಂದು ಕಟ್ಟಿಗಿ ತುಂಡು ಇಡ್ರಿ.